ಮಗು ಬಿದ್ದಿದ್ದನ್ನು ಮುಚ್ಚಿಡಬೇಡಿ: ಹಿಮದೂರಿಗೆ ಹೊರಟಿರುವ ಅಜ್ಜಿ ತಾತಂದಿರಿಗೆ

ಮಕ್ಕಳ ಮನೆಗೆಂದು ಕೆನಡಾಕ್ಕೋ ಅಮೆರಿಕಕ್ಕೋ ಬಂದಿರುವ, ಬರಲಿರುವ ಅಜ್ಜಿ ತಾತಂದಿರು ದಯವಿಟ್ಟು ಇದನ್ನು ಪೂರ್ತಿ ಓದಿ. ಹೋದ ಫೆಬ್ರವರಿಯಲ್ಲಿ ನನ್ನ 7 ವರ್ಷದ ಮೊಮ್ಮಗ ಸ್ಲೆಡ್ (ಹಿಮದ ಮೇಲೆ ಜಾರುವ ಆಟದ ಬಂಡಿ) ಮೇಲೆ ಜಾರುತ್ತಾ ಹೋಗಿ ಮರಕ್ಕೆ ಗುದ್ದಿಕೊಂಡ. ತಲೆಗೆ ಪೆಟ್ಟಾಯಿತು, ಭುಜದ ಹತ್ತಿರ ಮೂಳೆ ಮುರಿಯಿತು. ಅಷ್ಟಾದರೂ ಅವನು ಏಳು ಗಂಟೆ ಹೊತ್ತು ಮನೆಯಲ್ಲೇ ಇದ್ದ. ಅದಕ್ಕೆ ಕಾರಣ ನಾನು. ಬಿದ್ದ ವಿಷಯ ನನಗೊಬ್ಬಳಿಗೇ ಗೊತ್ತಿತ್ತು, ನಾನು ಯಾರಿಗೂ ಹೇಳಲಿಲ್ಲ.

ನಾವು ತೀರ್ಥಹಳ್ಳಿ ಕಡೆಯವರು. ಟೊರೊಂಟೊ ಪಕ್ಕದ ಬ್ರಾಂಪ್ಟನ್‌ನಲ್ಲಿ ಮಗಳ ಮನೆ. ಮಕ್ಕಳ ಮನೆಯಲ್ಲಿ ಹೆಚ್ಚು ಕಾಲ ಉಳಿಯಲು ಅಪ್ಪ ಅಮ್ಮಂದಿರಿಗೆ ಕೆನಡಾ ಕೊಡುವ ಸೂಪರ್ ವೀಸಾದ ಮೇಲೆ ನಾನೂ ಯಜಮಾನರೂ ಬಂದಿದ್ದೆವು. ಈ ವೀಸಾಕ್ಕೆ ಕಡಿಮೆ ಅಂದರೆ ಒಂದು ಲಕ್ಷ ಡಾಲರ್‌ನ ಆರೋಗ್ಯ ವಿಮೆ ತೋರಿಸಬೇಕು. ಬರುವ ಮುಂಚೆ ನಮ್ಮ ಬಿಪಿ ಮಾತ್ರೆ, ನಮ್ಮ ವಿಮೆ, ನಮ್ಮ ಸ್ವೆಟರ್ ಬಗ್ಗೆ ಹತ್ತು ಜನರನ್ನು ಕೇಳಿದ್ದೆವು. ಹಿಮದಲ್ಲಿ ಮಗುವನ್ನು ಹೇಗೆ ಆಡಿಸಬೇಕು ಅಂತ ಒಬ್ಬರನ್ನೂ ಕೇಳಿರಲಿಲ್ಲ.

ಮಗಳು, ಅಳಿಯ ಇಬ್ಬರೂ ಕೆಲಸಕ್ಕೆ ಹೋಗುವವರು. ಹಾಗಾಗಿ ಪುಟ್ಟನ ಬೆಳಗು ನನ್ನದು. ಎಬ್ಬಿಸುವುದು, ಡಬ್ಬಿಗೆ ಅಕ್ಕಿರೊಟ್ಟಿಯೋ ಚಿತ್ರಾನ್ನವೋ ಹಾಕುವುದು, ಬಟ್ಟೆ ತೊಡಿಸುವುದು. ಚಳಿಗಾಲದಲ್ಲಿ ಬಟ್ಟೆ ತೊಡಿಸುವುದೇ ಕಾಲು ಗಂಟೆಯ ಕೆಲಸ. ಮೊದಲು ಸ್ನೋ ಪ್ಯಾಂಟ್, ಆಮೇಲೆ ಬೂಟು, ಆಮೇಲೆ ಜಾಕೆಟ್, ಕೊನೆಗೆ ಕೈಗವಸು. ಕ್ರಮ ತಪ್ಪಿದರೆ ಎಲ್ಲ ಬಿಚ್ಚಿ ಮತ್ತೆ ಶುರು ಮಾಡಬೇಕು. ಮಧ್ಯಾಹ್ನ ಬಸ್ಸಿನಿಂದ ಇಳಿಸಿಕೊಂಡು ಬರುವುದು ಯಜಮಾನರ ಪಾಲು. ಸಂಜೆ ಮೂವರೂ ಕೂತು ಚೌಕಾಬಾರ ಆಡುತ್ತಿದ್ದೆವು. ಆ ದಿನಗಳನ್ನು ನೆನೆದರೆ ಈಗಲೂ ಮನಸ್ಸು ತುಂಬುತ್ತದೆ.

ಆ ದಿನ ಬೆಳಗ್ಗೆ ಶಾಲೆಯ ಬಸ್ ರದ್ದು ಅಂತ ಮೆಸೇಜ್ ಬಂತು. ರಾತ್ರಿಯೆಲ್ಲ ಫ್ರೀಜಿಂಗ್ ರೇನ್ ಬಿದ್ದಿತ್ತು. ಅಂದರೆ ಮಳೆಯ ಹಾಗೆಯೇ ಬೀಳುತ್ತದೆ, ನೆಲ ಮುಟ್ಟಿದ ಕೂಡಲೇ ಮಂಜುಗಡ್ಡೆಯಾಗುತ್ತದೆ. ಮರದ ಕಡ್ಡಿ, ಕಾರು, ಮೆಟ್ಟಿಲು, ಎಲ್ಲದರ ಮೇಲೂ ಗಾಜು ಹೊಯ್ದ ಹಾಗಿತ್ತು. ಪುಟ್ಟನನ್ನು ಶಾಲೆಗೆ ಕಳಿಸಲಿಲ್ಲ. ಮಗಳು ಬೇಸ್‌ಮೆಂಟ್‌ನಲ್ಲಿ ಕೂತು ಆಫೀಸ್ ಕೆಲಸ ಮಾಡುತ್ತಿದ್ದಳು. ಒಂದಾದ ಮೇಲೊಂದು ಮೀಟಿಂಗ್. ಮಧ್ಯಾಹ್ನ ಬಿಸಿಲು ಬಂತು. ಇವನು ಕಿಟಕಿ ಬಿಟ್ಟು ಕದಲಲಿಲ್ಲ. ಮನೆ ಹಿಂದಿನ ಪಾರ್ಕಿನ ದಿಬ್ಬಕ್ಕೆ ಹೋಗೋಣ ಅಂತ ಒಂದೇ ಸಮನೆ ಹಟ. ಎರಡು ದಿನದ ಹಿಂದೆ ಅದೇ ದಿಬ್ಬದಲ್ಲಿ ಆಡಿದ್ದ. ಆಗ ಹೊಸ ಹಿಮ ಇತ್ತು, ಸ್ಲೆಡ್ ಅರ್ಧ ದಾರಿಗೇ ನಿಂತುಬಿಡುತ್ತಿತ್ತು. ಮಗಳೂ ಅದನ್ನೇ ನೆನೆದು, "ಅರ್ಧ ಗಂಟೆ ಆಡಿಸ್ಕೊಂಡು ಬಾ ಅಮ್ಮ" ಅಂದಳು.

ನನಗೆ ಭಯ ಯಾಕೆ ಆಗಲಿಲ್ಲ ಅನ್ನುವುದನ್ನೂ ಹೇಳುತ್ತೇನೆ. ಮಲೆನಾಡಿನವರಿಗೆ ಗೊತ್ತು, ಚಿಕ್ಕಂದಿನಲ್ಲಿ ನಾವು ಅಡಿಕೆ ಹಾಳೆಯ ಮೇಲೆ ಕೂತು ಆಡಿದವರು. ಒಬ್ಬರು ಕೂರುವುದು, ಇನ್ನೊಬ್ಬರು ಸೋಗೆಯ ತುದಿ ಹಿಡಿದು ಎಳೆಯುವುದು. ಗುಡ್ಡದ ಇಳಿಜಾರಿನಲ್ಲಿ ದರಗಿನ ಮೇಲೆ ಜಾರಿದ್ದೂ ಉಂಟು. ಮೊಣಕಾಲು ತರಚುತ್ತಿತ್ತು, ಅಷ್ಟೆ. ಇದೂ ಅಂಥದ್ದೇ ಆಟ ಅಂದುಕೊಂಡೆ. ಜೊತೆಗೆ ಹಿಮ ಅಂದರೆ ಹತ್ತಿಯ ಹಾಗೆ, ಬಿದ್ದರೂ ಮೆತ್ತಗೆ ಅನ್ನುವ ಭಾವನೆ ಬೇರೆ. ಇದು ತಪ್ಪು. ಹಾಳೆ ನೆಲಕ್ಕೆ ಉಜ್ಜುತ್ತದೆ, ವೇಗ ತಾನಾಗಿ ತಗ್ಗುತ್ತದೆ. ಹಿಮದ ಮೇಲ್ಪದರ ಕರಗಿ ಮತ್ತೆ ಹೆಪ್ಪುಗಟ್ಟಿದ ಮೇಲೆ ಪ್ಲಾಸ್ಟಿಕ್ ಸ್ಲೆಡ್‌ಗೆ ಹಿಡಿಯುವಂಥದ್ದು ಏನೂ ಇರುವುದಿಲ್ಲ. ಬಸ್ ಓಡಿಸಲಿಕ್ಕೆ ಆಗದಷ್ಟು ಜಾರುವ ದಿನ ಮಗುವನ್ನು ದಿಬ್ಬದ ಮೇಲಿಂದ ಬಿಡಬಾರದು ಅಂತ ನನಗೆ ಹೊಳೆಯಬೇಕಿತ್ತು.

ದಿಬ್ಬ ದೊಡ್ಡದೇನಲ್ಲ, ಎರಡು ಮಹಡಿಯಷ್ಟು ಎತ್ತರ. ಕೆಳಗೆ ಒಂದು ಪಕ್ಕಕ್ಕೆ ಮೇಪಲ್ ಮರಗಳು. ಸ್ವಲ್ಪ ಆಚೆಗೆ ಮಳೆನೀರು ಸೇರುವ ಹೊಂಡ. ಪುಟ್ಟನ ಹತ್ತಿರ ಇದ್ದದ್ದು ದುಂಡನೆಯ ತಟ್ಟೆಯಂಥ ಸ್ಲೆಡ್. ಅದನ್ನು ತಿರುಗಿಸಲಿಕ್ಕೂ ಆಗುವುದಿಲ್ಲ, ನಿಲ್ಲಿಸಲಿಕ್ಕೂ ಆಗುವುದಿಲ್ಲ, ತನ್ನಷ್ಟಕ್ಕೆ ಬುಗುರಿಯ ಹಾಗೆ ಸುತ್ತುತ್ತದೆ. ಅಲ್ಲಿದ್ದ ದೊಡ್ಡ ಹುಡುಗನೊಬ್ಬ ಹೊಟ್ಟೆಯ ಮೇಲೆ ಮಲಗಿ, ತಲೆ ಮುಂದೆ ಮಾಡಿ ಜಾರಿದ. ಇವನೂ ಹಾಗೇ ಮಲಗಿದ. ನಾನು ಮೇಲೆ ನಿಂತು ಫೋನಿನಲ್ಲಿ ವಿಡಿಯೋ ತೆಗೆಯುತ್ತಿದ್ದೆ. ಕೂಗುವಷ್ಟರಲ್ಲಿ ಮರದ ಹತ್ತಿರ ಹೋಗಿಯಾಗಿತ್ತು. ಆ ಶಬ್ದ ಇನ್ನೂ ನನ್ನ ಕಿವಿಯಲ್ಲಿದೆ.

ಜಾರಿಕೊಂಡು, ಕೂತುಕೊಂಡು ಹೇಗೋ ಕೆಳಗಿಳಿದೆ. ಅಷ್ಟರಲ್ಲಿ ಅವನೇ ಎದ್ದು ನಿಂತಿದ್ದ. ಸ್ವಲ್ಪ ಅತ್ತ, ಕಣ್ಣೊರೆಸಿಕೊಂಡ. ನಡೆದುಕೊಂಡೇ ಮನೆಗೆ ಬಂದ. ದಾರಿಯಲ್ಲಿ ನನ್ನ ಕೈ ಹಿಡಿದು, "ಅಜ್ಜಿ, ಅಮ್ಮಂಗೆ ಹೇಳ್ಬೇಡ. ಹೇಳಿದ್ರೆ ಇನ್ನು ಕಳಿಸೋದೇ ಇಲ್ಲ" ಅಂದ.

"ಆಯ್ತು ಕಂದ, ಹೇಳಲ್ಲ" ಅಂದೆ.

ಅದು ಪ್ರೀತಿಯಿಂದ ಅಂದ ಮಾತು. ಬರೀ ಪ್ರೀತಿಯೂ ಅಲ್ಲ. ನನ್ನನ್ನು ನಂಬಿ ಕಳಿಸಿದಾಗ ಹೀಗಾಯಿತಲ್ಲ ಅಂತ ಮಗಳ ಮುಂದೆ ಹೇಳಲು ನನಗೆ ಹೆದರಿಕೆ ಇತ್ತು. ಅಳಿಯನ ಮುಖ ನೆನೆದರೆ ಇನ್ನೂ ಹೆದರಿಕೆ. ಎದ್ದು ನಡೆದನಲ್ಲ, ಏನೂ ಆಗಿರಲಿಕ್ಕಿಲ್ಲ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಜಾಕೆಟ್ ಬಿಚ್ಚುವಾಗ ಎಡಗೈ ಎತ್ತಲಿಲ್ಲ. ಉಳುಕಿರಬೇಕು ಅಂದುಕೊಂಡೆ. ಕಿವಿಯ ಮೇಲೆ ಕೂದಲೊಳಗೆ ಬುಗುಟು ಎದ್ದಿತ್ತು. ಕೊಬ್ಬರಿ ಎಣ್ಣೆ ಹಚ್ಚಿದೆ, ಅರಿಶಿನ ಹಾಕಿ ಹಾಲು ಕೊಟ್ಟೆ. ಐದು ಗಂಟೆಗೆಲ್ಲ ಸೋಫಾದಲ್ಲೇ ನಿದ್ದೆ ಹೋದ. ಹಗಲು ಮಲಗುವ ಮಗು ಅಲ್ಲವೇ ಅಲ್ಲ ಅವನು. ಏಳು ಗಂಟೆಗೆ ಎಬ್ಬಿಸಿ ಊಟಕ್ಕೆ ಕೂರಿಸಿದರೆ ಎರಡು ತುತ್ತು ತಿಂದು ವಾಂತಿ ಮಾಡಿಕೊಂಡ. ಮಗಳು ಗಾಬರಿಯಾಗಿ, "ಏನು ತಿಂದ ಅಮ್ಮ?" ಅಂತ ಕೇಳಿದಳು. "ಹಾಲು ಕುಡಿದ, ಅಜೀರ್ಣ ಇರಬೇಕು" ಅಂದೆ. ಹೇಳಲು ಅದು ಸರಿಯಾದ ಹೊತ್ತಾಗಿತ್ತು. ನಾನು ಹೇಳಲಿಲ್ಲ.

ಒಂಬತ್ತರ ಮೇಲೆ ಮತ್ತೆ ವಾಂತಿ. ತಲೆ ನೋಯುತ್ತೆ ಅಂತ ಅಳಲು ಶುರು ಮಾಡಿದ. ಆಮೇಲೆ, "ಇವತ್ತು ಸ್ಕೂಲಿಗೆ ಹೋಗಿದ್ನಾ?" ಅಂತ ಕೇಳಿದ. ಇಲ್ಲ ಪುಟ್ಟ, ಬಸ್ ಇರಲಿಲ್ಲ ಅಂದೆವು. ಎರಡು ನಿಮಿಷಕ್ಕೆ ಮತ್ತೆ ಅದೇ ಪ್ರಶ್ನೆ. ಯಜಮಾನರು ನನ್ನ ಮುಖ ನೋಡಿ, "ಪಾರ್ಕಲ್ಲಿ ಏನಾಯ್ತು, ಹೇಳೇ" ಅಂದರು. ಆಗ ಎಲ್ಲ ಹೇಳಿಬಿಟ್ಟೆ.

ಮಗಳು ಬೈಯಲಿಲ್ಲ. ತಕ್ಷಣ ಇಲ್ಲಿನ ತುರ್ತು ನಂಬರ್ 911ಕ್ಕೆ ಫೋನ್ ಮಾಡಿದಳು. ಆಂಬುಲೆನ್ಸ್‌ಗೆ ಸಾವಿರಾರು ಡಾಲರ್ ಆಗುತ್ತೆ, ಕಾರಿನಲ್ಲೇ ಹೋಗೋಣ ಅಂತ ಆ ಹೊತ್ತಿನಲ್ಲೂ ನಾನು ಹೇಳಿದೆ, ಅಮೆರಿಕದಲ್ಲಿರುವ ನೆಂಟರ ಮಾತು ಕೇಳಿ. ಇಲ್ಲಿನ ಒಂಟಾರಿಯೊ ಪ್ರಾಂತ್ಯದಲ್ಲಿ ಹೆಲ್ತ್ ಕಾರ್ಡ್ (ಸರ್ಕಾರಿ ಆರೋಗ್ಯ ವಿಮೆಯ ಕಾರ್ಡು) ಇರುವವರಿಗೆ, ನಿಜವಾಗಿ ಅಗತ್ಯವಿದ್ದು ಕರೆದರೆ, ಬರುವ ಬಿಲ್ಲು 45 ಡಾಲರ್. ಆ ರಸ್ತೆಯಲ್ಲಿ ಕಾರು ಓಡಿಸಿದ್ದರೆ ಏನಾಗುತ್ತಿತ್ತೋ.

ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದ ಒಂದೊಂದು ಪ್ರಶ್ನೆಗೂ ಉತ್ತರ ಗೊತ್ತಿದ್ದದ್ದು ನನಗೊಬ್ಬಳಿಗೆ. ಎಷ್ಟು ಹೊತ್ತಿಗೆ ಬಿದ್ದ? ಎಷ್ಟು ಎತ್ತರದಿಂದ? ತಲೆಯ ಯಾವ ಭಾಗ ತಾಗಿತು? ಎಚ್ಚರ ತಪ್ಪಿತ್ತಾ? ಕೂಡಲೇ ಅತ್ತನಾ? ನಾನು ಕನ್ನಡದಲ್ಲಿ ಹೇಳಿದ್ದನ್ನು ಮಗಳು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ಅವಳಿಗೂ ಆ ವಿವರಗಳೆಲ್ಲ ಆಗಲೇ ತಿಳಿಯುತ್ತಿದ್ದದ್ದು. ಸ್ಕ್ಯಾನ್ ಮಾಡಿದರು. ದೇವರ ದಯೆ, ಒಳಗೆ ರಕ್ತಸ್ರಾವ ಇರಲಿಲ್ಲ. ಕನ್ಕಶನ್ ಅಂದರು. ಪೆಟ್ಟಿನ ರಭಸಕ್ಕೆ ಮಿದುಳು ತಲೆಬುರುಡೆಯೊಳಗೆ ಅಲುಗಾಡಿ ಆಗುವ ತೊಂದರೆ ಅದು. ಹೊರಗಿನಿಂದ ಗಾಯ ಏನೂ ಕಾಣದೆಯೂ ಇರಬಹುದಂತೆ. ಕೈ ಉಳುಕಿದೆ ಅಂತ ನಾನು ಅಂದುಕೊಂಡಿದ್ದೆ, ಆದರೆ ಆ ಬದಿಯ ಕಾಲರ್ ಬೋನ್, ಅಂದರೆ ಕೊರಳ ಬುಡದಿಂದ ಭುಜದವರೆಗಿನ ಮೂಳೆ, ಮುರಿದಿತ್ತು. ಅದಕ್ಕೊಂದು ಜೋಳಿಗೆಯಂಥ ಪಟ್ಟಿ ಕಟ್ಟಿದರು.

ಮಕ್ಕಳ ತಲೆಗೆ ಪೆಟ್ಟು ಬಿದ್ದ ಮೇಲೆ ಏನು ಕಂಡರೆ ತಡಮಾಡದೆ ಕರೆತರಬೇಕು ಅಂತ ನರ್ಸ್ ಬಿಡಿಸಿ ಹೇಳಿದರು. ಪದೇ ಪದೇ ವಾಂತಿ, ಹೆಚ್ಚುತ್ತಾ ಹೋಗುವ ತಲೆನೋವು, ಎಬ್ಬಿಸಲು ಕಷ್ಟವಾಗುವಷ್ಟು ಮಂಪರು, ಕೇಳಿದ್ದನ್ನೇ ಕೇಳುವುದು, ಮಾತು ತೊದಲುವುದು, ಎರಡು ಕಣ್ಣಿನ ಪಾಪೆ ಬೇರೆ ಬೇರೆ ಗಾತ್ರ ಕಾಣುವುದು, ಫಿಟ್ಸ್. ಇವುಗಳಲ್ಲಿ ಒಂದು ಕಂಡರೂ ಸಾಕು. ನಮ್ಮ ಪುಟ್ಟನಲ್ಲಿ ಮೂರ್ನಾಲ್ಕು ನನ್ನ ಕಣ್ಣ ಮುಂದೆಯೇ ಇದ್ದವು. ಇವು ಬಿದ್ದ ಕೂಡಲೇ ಕಾಣಬೇಕೆಂದಿಲ್ಲ, ಗಂಟೆಗಳು ಕಳೆದ ಮೇಲೂ ಬರಬಹುದು. ಎದ್ದು ನಡೆದನಲ್ಲ ಅನ್ನುವ ಸಮಾಧಾನಕ್ಕೆ ಬೆಲೆಯೇ ಇಲ್ಲ. ಆಸ್ಪತ್ರೆಗೆ ಹೋಗಬೇಕೋ ಬೇಡವೋ ಗೊತ್ತಾಗದಿದ್ದರೆ ಒಂಟಾರಿಯೊದಲ್ಲಿ 811ಕ್ಕೆ ಫೋನ್ ಮಾಡಬಹುದು. ಹಗಲು ರಾತ್ರಿ ಯಾವಾಗಲೂ ನರ್ಸ್ ಸಿಗುತ್ತಾರೆ, ದುಡ್ಡು ಕೊಡಬೇಕಾಗಿಲ್ಲ.

ಮೊದಲ ಎರಡು ದಿನ ಪೂರ್ತಿ ವಿಶ್ರಾಂತಿ, ಟಿವಿ ಟ್ಯಾಬ್ ಇಲ್ಲ. ಆಮೇಲೆ ಅರ್ಧ ದಿನದ ಶಾಲೆ, ಆಮೇಲೆ ಪೂರ್ತಿ. ಡಾಕ್ಟರ್ ಒಪ್ಪುವ ತನಕ ಓಟ, ಕುಣಿತ ಯಾವುದೂ ಇಲ್ಲ. ಶಾಲೆಯಲ್ಲಿ ಅವನಿಗಾಗಿ ಕಾಗದಪತ್ರ ಮಾಡುವಾಗ ಮಗಳಿಗೆ 'ರೋವನ್ಸ್ ಲಾ' ಬಗ್ಗೆ ಹೇಳಿದರಂತೆ. ಒಟ್ಟಾವಾದ ರೋವನ್ ಸ್ಟ್ರಿಂಗರ್ ಎಂಬ 17 ವರ್ಷದ ಹುಡುಗಿ 2013ರಲ್ಲಿ ರಗ್ಬಿ ಆಡುವಾಗ ತಲೆಗೆ ಪೆಟ್ಟಾಗಿ, ಕೆಲವು ದಿನಗಳ ಮೇಲೆ ತೀರಿಕೊಂಡಳು. ಕೆಲವೇ ದಿನಗಳೊಳಗೆ ತಲೆಗೆ ಮತ್ತೆ ಮತ್ತೆ ಪೆಟ್ಟು ಬಿದ್ದಿತ್ತು. ಮೊದಲ ಪೆಟ್ಟು ಮಾಗುವ ಮುಂಚೆಯೇ ಆಟಕ್ಕೆ ಇಳಿದಿದ್ದಳು. ಆಟದಲ್ಲಿ ಆಗುವ ಕನ್ಕಶನ್ ಬಗ್ಗೆ ಅವಳ ಹೆಸರಿನಲ್ಲಿ 2018ರಲ್ಲಿ ಒಂಟಾರಿಯೊ ಕಾನೂನು ತಂದಿತು. ಮಗಳು ಇದನ್ನು ಹೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಮುಚ್ಚಿಟ್ಟು, ಅವನಿಗೆ ಅವತ್ತು ವಾಂತಿಯೂ ಆಗದೆ ಹೋಗಿದ್ದರೆ, ಮರುದಿನ ಮತ್ತೆ ಅದೇ ದಿಬ್ಬಕ್ಕೆ ಕರೆದುಕೊಂಡು ಹೋಗುತ್ತಿದ್ದೆನಲ್ಲ.

ಇದು ನಮ್ಮನೆಗೆ ಮಾತ್ರ ಬಂದ ಕಷ್ಟ ಅಲ್ಲ. ಅಮೆರಿಕದಲ್ಲಿ 1997ರಿಂದ 2007ರವರೆಗಿನ ಲೆಕ್ಕ ತೆಗೆದಾಗ, ಸ್ಲೆಡ್ ಆಡಿ ಪೆಟ್ಟು ಮಾಡಿಕೊಂಡು ವರ್ಷಕ್ಕೆ 20,000ಕ್ಕೂ ಜಾಸ್ತಿ ಮಕ್ಕಳು ತುರ್ತು ಚಿಕಿತ್ಸೆಗೆ ಬಂದಿದ್ದರು. ಎಲ್ಲಕ್ಕಿಂತ ಹೆಚ್ಚು ಪೆಟ್ಟಾಗಿದ್ದು ತಲೆಗೆ. 2024ರ ಜನವರಿಯಲ್ಲಿ ಟೊರೊಂಟೊ ನಗರದವರು 45 ದಿಬ್ಬಗಳಲ್ಲಿ ಈ ಆಟವನ್ನೇ ನಿಲ್ಲಿಸಿದರು. ಮಕ್ಕಳ ಸಂತೋಷಕ್ಕೆ ಕಲ್ಲು ಹಾಕಿದರು ಅಂತ ತುಂಬಾ ಜನಕ್ಕೆ ಬೇಜಾರಾಯಿತು. ನನಗೇನೂ ಆಟ ಬೇಡ ಅನ್ನಿಸುವುದಿಲ್ಲ. ಆರು ತಿಂಗಳು ಮನೆಯೊಳಗೇ ಕೂತರೆ ಮಕ್ಕಳು ಬಾಡಿಹೋಗುತ್ತಾರೆ. ಆದರೆ ಕರೆದುಕೊಂಡು ಹೋಗುವವರಿಗೆ ನಾಲ್ಕು ವಿಷಯ ಗೊತ್ತಿರಬೇಕು, ಅಲ್ವಾ?

ಮೊದಲು ನೀವೇ ದಿಬ್ಬ ಇಳಿದು ನೋಡಿ. ಕೆಳಗೆ ಮರ, ಕಂಬ, ಬೇಲಿ, ಬೆಂಚು, ರಸ್ತೆ, ನೀರು ಯಾವುದೂ ಹತ್ತಿರ ಇರಬಾರದು. ತಾನಾಗಿ ನಿಲ್ಲುವಷ್ಟು ಉದ್ದದ ಸಪಾಟು ಜಾಗ ಬೇಕು. ಮಳೆನೀರಿನ ಹೊಂಡ ಹೆಪ್ಪುಗಟ್ಟಿದ ಹಾಗೆ ಕಂಡರೂ ನಂಬಬೇಡಿ. ಒಳಗೆ ನೀರು ಹರಿಯುತ್ತಿರುತ್ತದೆ, ರಸ್ತೆಗೆ ಹಾಕಿದ ಉಪ್ಪೂ ಸೇರುತ್ತದೆ, ಮಂಜುಗಡ್ಡೆ ಎಲ್ಲಿ ತೆಳ್ಳಗಿದೆ ಅಂತ ಯಾರಿಗೂ ಕಾಣುವುದಿಲ್ಲ. ಬೂಟಿನ ಹಿಮ್ಮಡಿಯಿಂದ ಹಿಮವನ್ನು ಒತ್ತಿ ನೋಡಿ. ಒಳಗಿಳಿಯದೆ ಟಕ್ ಅಂದರೆ ವಾಪಸ್ ಬನ್ನಿ, ಮಗು ಎಷ್ಟೇ ಅತ್ತರೂ. ಕೂತೇ ಜಾರಬೇಕು, ಕಾಲು ಮುಂದಿರಬೇಕು. ದುಂಡು ತಟ್ಟೆ ಬೇಡ, ತಿರುಗಿಸಲು ಬರುವ ಸ್ಲೆಡ್ ಇರಲಿ. ನೀವು ಮೇಲೆ ನಿಂತು ವಿಡಿಯೋ ತೆಗೆಯುವ ಬದಲು ಕೆಳಗಡೆ ಪಕ್ಕಕ್ಕೆ ನಿಂತಿರಿ.

ಹೆಲ್ಮೆಟ್ ವಿಷಯ ಬರೆಯುವಾಗ ನನಗೆ ಹೊಟ್ಟೆ ಉರಿಯುತ್ತದೆ. ಪುಟ್ಟ ಸ್ಕೇಟಿಂಗ್ ಕಲಿಯಲು ಹೋಗುತ್ತಿದ್ದ. ಅದಕ್ಕಾಗಿ ತಂದ, ಐಸ್ ಹಾಕಿ ಆಟದ ಹೆಲ್ಮೆಟ್ ಬಾಗಿಲ ಪಕ್ಕದ ಕ್ಲಾಸೆಟ್‌ನಲ್ಲೇ ಇತ್ತು. ಅವನ ಜಾಕೆಟ್ ತೆಗೆಯುವಾಗ ನಾನೇ ಅದನ್ನು ಪಕ್ಕಕ್ಕೆ ಸರಿಸಿದ್ದೆ. ಸ್ಲೆಡ್‌ಗೂ ಅದನ್ನು ಹಾಕಬಹುದು ಅಂತ ಗೊತ್ತಿರಲಿಲ್ಲ. ದಪ್ಪ ಉಲ್ಲನ್ ಟೋಪಿಯ ಮೇಲೆ ಹೆಲ್ಮೆಟ್ ಸರಿಯಾಗಿ ಕೂರುವುದಿಲ್ಲ, ಒಳಗೆ ತೆಳು ಬಟ್ಟೆಯ ಕುಲಾವಿ ಸಾಕು. ಕುತ್ತಿಗೆಗೆ ಮಫ್ಲರ್ ಸುತ್ತಲೇಬೇಡಿ. ಅದರ ತುದಿ ಸ್ಲೆಡ್‌ಗೋ ಕೊಂಬೆಗೋ ಸಿಕ್ಕಿಕೊಂಡರೆ ಉಸಿರು ಕಟ್ಟುತ್ತದೆ. ಆ ದಿನ ಅವನ ಕೊರಳಲ್ಲಿ ನಾನೇ ಹೆಣೆದ ಉದ್ದನೆಯ ಮಫ್ಲರ್ ಇತ್ತು. ಅದನ್ನು ಬಿಚ್ಚಿ, ಅದೇ ಉಲ್ಲನ್‌ನಲ್ಲಿ ತುದಿಯಿಲ್ಲದ ಕೊರಳಪಟ್ಟಿ ಹೆಣೆದುಕೊಟ್ಟಿದ್ದೇನೆ.

ಇನ್ನೊಂದು ಮಾತು. ಅವತ್ತು ಮಗಳು ಮನೆಯಲ್ಲಿದ್ದಳು, ಫೋನ್ ಮಾಡಿದಳು. ನಾನೊಬ್ಬಳೇ ಇದ್ದಿದ್ದರೆ? ಮನೆ ನಂಬರ್ ಗೊತ್ತಿತ್ತು, ಬೀದಿಯ ಹೆಸರು ನಾಲಿಗೆಗೆ ಹತ್ತುತ್ತಿರಲಿಲ್ಲ. ಈಗ ಅಳಿಯ ಎಲ್ಲವನ್ನೂ ಕನ್ನಡ ಅಕ್ಷರದಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿದ್ದಾರೆ. ಮನೆ ವಿಳಾಸ, ಪೋಸ್ಟಲ್ ಕೋಡ್, ಹತ್ತಿರದ ಮುಖ್ಯ ರಸ್ತೆ, 911, 811, ಮಗುವಿನ ಹೆಲ್ತ್ ಕಾರ್ಡ್ ಯಾವ ಡ್ರಾಯರ್‌ನಲ್ಲಿದೆ ಅನ್ನುವುದು. ಅದರ ಕೆಳಗೆ ಪುಟ್ಟನೂ ತನ್ನ ವಕ್ರ ಅಕ್ಷರದಲ್ಲಿ ಒಂದು ಸಾಲು ಸೇರಿಸಿದ್ದಾನೆ: "ಬಿದ್ದರೆ ಅಜ್ಜಿಗೆ ಹೇಳುವುದು. ಅಜ್ಜಿ ಅಮ್ಮನಿಗೆ ಹೇಳುವುದು."