ಫ್ಯಾಕ್ಟ್ ಬಟನ್ ಚೆನ್ನಾಗಿದೆ, ಬ್ರಾಕೆಟ್ ಮಾತ್ರ ನಂಬಬೇಡಿ

ಮಗಳು ಡಿಪ್ಲೊಮಾಗೆ ಸೇರಿದಳು ಅಂತ ದಾವಣಗೆರೆಯಲ್ಲೇ ಒಂದು ಸೈಂಟಿಫಿಕ್ ಕ್ಯಾಲ್ಕುಲೇಟರ್ ತಂದೆ. ಕಂಪನಿ ಹೆಸರು ಬೇಡ, ಎಲ್ಲ ಹುಡುಗರ ಬ್ಯಾಗಿನಲ್ಲೂ ಇರುವಂಥದ್ದೇ. ಎರಡು ತಿಂಗಳಾಯಿತು. ಅವಳಿಗಿಂತ ಜಾಸ್ತಿ ಒತ್ತಿದವನು ನಾನೇ. ಮೆಕ್ಕೆಜೋಳದ ಮಂಡಿಯಲ್ಲಿ ಲೆಕ್ಕ ಬರೆಯುವವನಿಗೆ ಅಂಕಿ ಕಂಡರೆ ಕೈ ಸುಮ್ನಿರುತ್ತಾ?

ಇದರಲ್ಲಿ ‘ಫ್ಯಾಕ್ಟ್’ ಅಂತ ಒಂದಿದೆ. ಅಂಗಡಿ ಹುಡುಗ ಅದು ಫ್ಯಾಕ್ಟೋರಿಯಲ್ ಅಂದ. ಅಲ್ಲ. ಹತ್ತು ಅಂಕಿವರೆಗಿನ ಸಂಖ್ಯೆ ಹಾಕಿ, ಈಕ್ವಲ್ ಒತ್ತಿ, ಶಿಫ್ಟ್ ಜೊತೆ ಇದನ್ನು ಒತ್ತಿದರೆ ಅವಿಭಾಜ್ಯ ಸಂಖ್ಯೆಗಳಾಗಿ ಒಡೆದು ತೋರಿಸುತ್ತದೆ.

ಮೊದಲು ಊರಿನ ಪಿನ್‌ಕೋಡ್ ಹಾಕಿದೆ. 577001 ಅಂದರೆ 23 × 25087. ಪಿ.ಜೆ. ಬಡಾವಣೆಯ 577002 ಅಂದರೆ 2 × 3 × 96167. ಅಕ್ಕಪಕ್ಕದ ಸಂಖ್ಯೆಗಳಿಗೆ 1 ಬಿಟ್ಟು ಬೇರೆ ಸಾಮಾನ್ಯ ಅಪವರ್ತನ ಇರುವುದೇ ಇಲ್ಲ. ಗೋಡೆ ಒಂದೇ, ಮಾತುಕತೆ ಇಲ್ಲ! ಹತ್ತು ಸಲ 1 ಒತ್ತಿದೆ: 11 × 41 × 271 × 9091. ಖುಷಿಯಾಯಿತು.

ಆಮೇಲೆ 1234567890. ಬಂದದ್ದು 2 × 3² × 5 × (13717421).

‘ಅಪ್ಪಾಜಿ, ಕೊನೇದಕ್ಕೆ ಯಾಕೆ ಬ್ರಾಕೆಟ್?’

ಅದು ದೊಡ್ಡ ಅವಿಭಾಜ್ಯ ಇರಬೇಕು ಬಿಡು ಅಂದೆ. ತಪ್ಪು. ಡಬ್ಬಿಯೊಳಗಿನ ಚೀಟಿ ಬಿಡಿಸಿದರೆ ಇರುವೆಯಂಥ ಅಕ್ಷರದಲ್ಲಿ ಬರೆದಿದ್ದಾರೆ. ಮಷೀನು ಮೂರಂಕಿವರೆಗಿನ ಅವಿಭಾಜ್ಯಗಳಿಂದ ಮಾತ್ರ ಭಾಗಿಸಿ ನೋಡುತ್ತದೆ. ಮೂರಂಕಿಯ ಕೊನೆಯ ಅವಿಭಾಜ್ಯ 997, ಮುಂದಿನದು 1009. ಉಳಿದ ಸಂಖ್ಯೆ 1009ರ ವರ್ಗ, ಅಂದರೆ 1018081 ಮುಟ್ಟಿದರೆ ಮಷೀನು ಬ್ರಾಕೆಟ್ ಹಾಕಿ ಕೈ ತೊಳೆದುಕೊಳ್ಳುತ್ತದೆ. ಒಳಗಿರುವುದು ಒಡೆಯುತ್ತದೋ ಇಲ್ಲವೋ ನಾವೇ ನೋಡಿಕೊಳ್ಳಬೇಕು.

ರಾತ್ರಿ ಊಟ ಆದಮೇಲೆ ಕೂತೆ. 1009ರಿಂದ ಒಂದೊಂದೇ ಅವಿಭಾಜ್ಯದಿಂದ ಭಾಗಿಸಿದ್ದರೆ ಮುನ್ನೂರಕ್ಕೂ ಹೆಚ್ಚು ಸಲ ಆಗುತ್ತಿತ್ತು. ಹದಿನೇಳನೇ ಶತಮಾನದ ಫ್ರೆಂಚ್ ಗಣಿತಜ್ಞ ಫರ್ಮಾನ ಉಪಾಯ ಹಿಡಿದೆ: ವರ್ಗಮೂಲಕ್ಕಿಂತ ಮೇಲಿನ ಒಂದೊಂದೇ ಸಂಖ್ಯೆಯ ವರ್ಗದಲ್ಲಿ ನಮ್ಮ ಸಂಖ್ಯೆ ಕಳೆಯುತ್ತಾ ಹೋಗಬೇಕು, ಉಳಿದದ್ದೂ ಒಂದು ವರ್ಗವಾದರೆ ಆ ಎರಡರ ಮೂಲಗಳನ್ನು ಕಳೆದು, ಕೂಡಿದರೆ ಅಪವರ್ತನಗಳು ಸಿಗುತ್ತವೆ. 13717421ರ ವರ್ಗಮೂಲ 3703 ಚಿಲ್ಲರೆ. 3704ರ ವರ್ಗದಲ್ಲಿ ನಮ್ಮ ಸಂಖ್ಯೆ ಕಳೆದರೆ 2195. ಅದು ಯಾವುದರ ವರ್ಗವೂ ಅಲ್ಲ. 3705ರ ವರ್ಗ 13727025. ಕಳೆದರೆ 9604. ಅರೆ, 98ರ ವರ್ಗ! 3705ರಲ್ಲಿ 98 ಕಳೆದರೆ 3607, ಕೂಡಿದರೆ 3803. ಎರಡೇ ಏಟಿಗೆ ಒಡೆಯಿತು. (ಎರಡು ಅಪವರ್ತನಗಳೂ ಹತ್ತಿರ ಹತ್ತಿರ ಇದ್ದವು, ಅದಕ್ಕೆ. ದೂರ ಇದ್ದಿದ್ದರೆ ಬೆಳಗಾಗುತ್ತಿತ್ತು.)

1643ರ ಸುಮಾರಿಗೆ ಫರ್ಮಾ ಹೀಗೇ 2027651281 ಅನ್ನು 44021 × 46061 ಅಂತ ಒಡೆದಿದ್ದ. ಹನ್ನೆರಡನೇ ಏಟಿಗೆ. ಅದನ್ನೂ ಇದಕ್ಕೆ ಕೊಟ್ಟೆ. ಇಡೀ ಸಂಖ್ಯೆಯನ್ನೇ ಬ್ರಾಕೆಟ್‌ನಲ್ಲಿಟ್ಟು ವಾಪಸ್ ಕೊಟ್ಟಿತು.

ಉಳಿದಂತೆ ದೂರಿಲ್ಲ. ಗುಂಡಿಗಳು ಮೆತ್ತಗಿವೆ, ಪರದೆ ಬಿಸಿಲಲ್ಲೂ ಕಾಣುತ್ತದೆ. 8ರ ಗುಂಡಿ ಒಮ್ಮೆ ಕಚ್ಚಿಕೊಂಡಿತ್ತು, ಅದು ನನ್ನ ತಪ್ಪು. ಸಂದಿಯಲ್ಲಿ ಒಂದು ಖಾರ ಮಂಡಕ್ಕಿ ಸಿಕ್ಕಿತು. ಐದಕ್ಕೆ ನಾಲ್ಕು ಕೊಡುತ್ತೇನೆ. ಮಗಳು ಈಗ ಅದನ್ನು ಬ್ಯಾಗಿನಲ್ಲಿಟ್ಟು ಜಿಪ್ ಎಳೆದೇ ಮಲಗುತ್ತಾಳೆ.