ಪರಿಹಾರಕ್ಕೆ ಹೊರಟ ಸೇನೆ: ಕಸ್ಟಮ್ಸ್‌ಗೆ ಯಾವ ಕಾಗದ?

ಬೇರೆ ದೇಶಕ್ಕೆ ಪರಿಹಾರಕ್ಕೆಂದು ಒಯ್ದು ವಾಪಸ್ ತರುವ ಸಾಮಾನನ್ನು ಸುಂಕವಿಲ್ಲದೆ ದಾಟಿಸಲು ಮೂರು ದಾರಿಗಳಿವೆ: ನ್ಯಾಟೋ ಸೇನಾಕೂಟದ ಕಸ್ಟಮ್ಸ್ ಪತ್ರವಾದ ಫಾರ್ಮ್ 302, ತಾತ್ಕಾಲಿಕವಾಗಿ ಒಯ್ಯುವ ಸಾಮಾನಿನ ಅಂತರರಾಷ್ಟ್ರೀಯ ಕಸ್ಟಮ್ಸ್ ಪತ್ರವಾದ ಎಟಿಎ ಕಾರ್ನೆಟ್, ತಾತ್ಕಾಲಿಕ ಆಮದಿನ ಇಸ್ತಾಂಬುಲ್ ಒಪ್ಪಂದದ (1990) ಬಿ.9 ಅನುಬಂಧ, ಅಂದರೆ ಮಾನವೀಯ ನೆರವಿನ ಸಾಮಾನಿನ ಭಾಗ.

ಖರ್ಚು ನೋಡಿದರೆ ಕಾರ್ನೆಟ್ಟೇ ಜಾಸ್ತಿ. ಶುಲ್ಕದ ಜೊತೆ ಭದ್ರತೆಯೂ ಬೇಕು. ಬಿ.9ರಲ್ಲಿ ಸಾಮಾನ್ಯವಾಗಿ ಸಾಮಾನಿನ ಪಟ್ಟಿ, ವಾಪಸ್ ಒಯ್ಯುವ ಲಿಖಿತ ಭರವಸೆ ಸಾಕು. ತುರ್ತಿನಲ್ಲಿ ಇದು ದೊಡ್ಡ ಅನುಕೂಲ, ಅಲ್ವಾ? ಆದರೆ ಆ ದೇಶ ಈ ಅನುಬಂಧ ಒಪ್ಪಿರಬೇಕು.

302 ಸುಲಭ, ಆದರೆ ಸೇನೆಯ ಸರಕಿಗೆ ಮಾತ್ರ, ಅದೂ ನ್ಯಾಟೋದ ಸೇನಾ ಒಪ್ಪಂದದೊಳಗಿನ ದೇಶಗಳಿಗೆ. 2023ರ ಭೂಕಂಪದಲ್ಲಿ ಟರ್ಕಿಗೆ ಆಸ್ಪತ್ರೆ ಒಯ್ದ ಭಾರತೀಯ ಸೇನೆ ನ್ಯಾಟೋದ್ದಲ್ಲ, ಹಾಗಾಗಿ ಅಂಥವರಿಗೆ ಈ ದಾರಿ ಇಲ್ಲ.

ಒಂದು ವರ್ಷದೊಳಗೆ ಮರಳುವ ಜನರೇಟರ್, ಡ್ರೋನ್ ಒಯ್ಯುವ ಖಾಸಗಿ ತಂಡಕ್ಕೆ ಕಾರ್ನೆಟ್ ಸರಿ. ಕಂಬಳಿ, ಔಷಧಿಯಂಥ ಖರ್ಚಾಗುವ ವಸ್ತುಗಳಿಗೆ ಅದು ಆಗುವುದಿಲ್ಲ. ಅವಕ್ಕೆ ಪರಿಹಾರ ಸಾಮಗ್ರಿ ಎಂದು ಸುಂಕ ವಿನಾಯಿತಿ ಕೇಳಿ.