23 ಸಾವಿರದ್ದು, 31 ಸಾವಿರದ್ದು, 48 ಸಾವಿರದ್ದು: ಮೂರು ಪಿಸಿಯಲ್ಲೂ ಆಡಿ ನೋಡಿದೆ

ಎರಡು ವರ್ಷದಲ್ಲಿ ನನ್ನ ಮೇಜಿನ ಮೇಲೆ ಮೂರು ಗೇಮಿಂಗ್ ಪಿಸಿ ಕೂತು ಎದ್ದಿವೆ. ಮೊದಲನೆಯದು ಯಾವುದೋ ಆಫೀಸಿನಲ್ಲಿ ದುಡಿದು ಬಂದ ಸೆಕೆಂಡ್ ಹ್ಯಾಂಡ್ ಡಬ್ಬಿ. ಒಳಗೆ ಕೋರ್ ಐ5 8500 ಪ್ರೊಸೆಸರ್ ಇತ್ತು, ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್ ನಾನು ಹಾಕಿಕೊಂಡೆ. ಎರಡನೆಯದು ಅಕ್ಕನ ಮಗನಿಗೆ ಜೋಡಿಸಿಕೊಟ್ಟ ರೈಜೆನ್ 5 5600ಜಿ ಪ್ರೊಸೆಸರ್‌ನ ಪಿಸಿ, ಅದಕ್ಕೆ ಬೇರೆ ಗ್ರಾಫಿಕ್ಸ್ ಕಾರ್ಡೇ ಇಲ್ಲ. ಮೂರನೆಯದು ಈಗ ನನ್ನ ಹತ್ತಿರ ಇರುವ ಕೋರ್ ಐ3 12100ಎಫ್ ಪ್ರೊಸೆಸರ್ ಮತ್ತು ಆರ್‌ಎಕ್ಸ್ 6600 ಕಾರ್ಡಿನ ಜೋಡಿ. ಮೂರನ್ನೂ ಒಂದೇ ಫುಲ್ ಎಚ್‌ಡಿ ಮಾನಿಟರ್‌ಗೆ ಹಾಕಿ ಅದೇ ಗೇಮ್‌ಗಳನ್ನು ಆಡಿದೆ: ವ್ಯಾಲರಂಟ್, ಜಿಟಿಎ 5, ಸೈಬರ್‌ಪಂಕ್ 2077.

ಮೇಲೆ ಹೇಳಿದ ಬೆಲೆಗಳು ನಾನು 2024ರಲ್ಲಿ ಕೊಟ್ಟವು. ಮಾನಿಟರ್, ಕೀಬೋರ್ಡ್, ಮೌಸ್ ಬೇರೆ. 2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿದೆ, ಹಾಗಾಗಿ ಇವತ್ತು ಇವೇ ಸಾಮಾನು ಕೊಂಡರೆ ಲೆಕ್ಕ ಜಾಸ್ತಿಯೇ ಬರುತ್ತದೆ. ಆದರೆ ಆಡುವಾಗ ಮೂರರ ನಡುವೆ ಕಾಣುವ ವ್ಯತ್ಯಾಸ ಹಾಗೇ ಇದೆ.

ಆಫೀಸ್ ಡಬ್ಬಿಯಿಂದ ಶುರು ಮಾಡುತ್ತೇನೆ, ಯಾಕೆಂದರೆ ದುಡ್ಡು ಕಡಿಮೆ ಇರುವವರ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ. ಪಿಸಿಗೆ 14 ಸಾವಿರ, ಹಳೇ ಕಾರ್ಡಿಗೆ 9 ಸಾವಿರ. ವ್ಯಾಲರಂಟ್ 140 ಎಫ್‌ಪಿಎಸ್ (ಸೆಕೆಂಡಿಗೆ ಪರದೆ ಮೇಲೆ ಬರುವ ಚಿತ್ರಗಳ ಲೆಕ್ಕ, ಜಾಸ್ತಿ ಇದ್ದಷ್ಟೂ ಸಲೀಸು) ಹತ್ತಿರ ಓಡಿತು, ಜಿಟಿಎ ಹೈ ಸೆಟ್ಟಿಂಗ್‌ನಲ್ಲಿ 60 ದಾಟಿತು, ಸೈಬರ್‌ಪಂಕ್ ಎಲ್ಲವನ್ನೂ ಲೋ ಮಾಡಿದರೆ 35ರ ಆಸುಪಾಸು. ಮೊದಲ ತಿಂಗಳು ನನಗೆ ತುಂಬಾ ಖುಷಿ ಇತ್ತು. ಆಮೇಲೆ ಕಾರ್ಡ್ ಬದಲಾಯಿಸೋಣ ಅಂತ ಮುಚ್ಚಳ ತೆಗೆದು ಕೂತಾಗ ವಿಷಯ ಗೊತ್ತಾಯಿತು. ಆ ತೆಳ್ಳನೆಯ ಡಬ್ಬಿಗೆ ಅರ್ಧ ಎತ್ತರದ ಕಾರ್ಡ್ ಮಾತ್ರ ಹಿಡಿಯುತ್ತದೆ. ಕಾರ್ಡಿಗೆ ಬೇರೆ ಪವರ್ ಕೇಬಲ್ ಇಲ್ಲ, ಸ್ಲಾಟ್ ಕೊಡುವ 75 ವ್ಯಾಟ್‌ನಲ್ಲೇ ಓಡಬೇಕು. ಸರಿ, ಪವರ್ ಸಪ್ಲೈ ಬದಲಾಯಿಸೋಣ ಅಂದರೆ ಅದರ ಆಕಾರವೇ ಬೇರೆ, ಮದರ್‌ಬೋರ್ಡಿಗೆ ಹೋಗುವ ಕನೆಕ್ಟರ್ ಕೂಡ ಬೇರೆ. ಬೋರ್ಡನ್ನೇ ಎತ್ತಿ ಇನ್ನೊಂದು ಕ್ಯಾಬಿನೆಟ್‌ಗೆ ಹಾಕೋಣ ಅಂದರೆ ಸ್ಕ್ರೂ ತೂತುಗಳೂ ಹೊಂದುವುದಿಲ್ಲ. ಅಂದರೆ ನಾನು ಕೊಂಡದ್ದು ಅಲ್ಲಿಗೇ ನಿಂತ ಪಿಸಿ.

ಇದೇ ದಾರಿ ಹಿಡಿಯುವವರು ಎರಡು ಮಾತು ನೆನಪಿಟ್ಟುಕೊಳ್ಳಿ. ತೆಳ್ಳಗಿನದು ಬೇಡ, ಅಗಲವಾದ ಟವರ್ ಮಾಡೆಲ್ ಹುಡುಕಿ. ಮತ್ತೆ "ಐ7 ಇದೆ ಸಾರ್" ಅಂದರೆ ಎಷ್ಟನೇ ಜನರೇಷನ್ ಅಂತ ಕೇಳಿ. ಐ7 4770 ಬಂದದ್ದು 2013ರಲ್ಲಿ. ನನ್ನ ಐ3ಯಲ್ಲೂ ಅದರಲ್ಲೂ ಇರುವುದು ನಾಲ್ಕೇ ಕೋರ್ (ಪ್ರೊಸೆಸರ್ ಒಳಗೆ ಕೆಲಸ ಮಾಡುವ ಘಟಕ), ಆದರೆ ಐ3 ಅದನ್ನು ಬಹಳ ಹಿಂದೆ ಹಾಕುತ್ತದೆ. ಜೊತೆಗೆ ವಿಂಡೋಸ್ 11 ಅಧಿಕೃತವಾಗಿ ಓಡುವುದು ಇಂಟೆಲ್ 8ನೇ ಜನರೇಷನ್‌ನಿಂದ ಮೇಲಕ್ಕೆ, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ರಲ್ಲಿ ವ್ಯಾಲರಂಟ್ ಆಡಬೇಕಾದರೆ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಅನ್ನುವ ಭದ್ರತಾ ವ್ಯವಸ್ಥೆ ಎರಡೂ ಬೇಕು. ಹಳೇ ಐ7 ಕೊಂಡ ಹುಡುಗರು ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ.

ಇನ್ನು 5600ಜಿ. ಅಕ್ಕ ಕೊಟ್ಟಿದ್ದು 30 ಸಾವಿರ, ಒಂದು ಸಾವಿರ ನಾನು ಸೇರಿಸಿದೆ. ತುಮಕೂರಿನಿಂದ ಬೆಳಗಿನ ರೈಲು ಹತ್ತಿ ಬೆಂಗಳೂರಿನ ಎಸ್‌ಪಿ ರೋಡಿಗೆ, ಕಂಪ್ಯೂಟರ್ ಅಂಗಡಿಗಳ ಬೀದಿಗೆ ಹೋದೆವು. ನಾಲ್ಕು ಅಂಗಡಿಯಲ್ಲಿ ಕೊಟೇಶನ್ ಬರೆಸಿಕೊಂಡು, ಐದನೆಯದರಲ್ಲಿ ಕೊಂಡೆವು. ಈ ಪ್ರೊಸೆಸರ್ ಒಳಗೇ ವೇಗಾ 7 ಗ್ರಾಫಿಕ್ಸ್ ಇದೆ. ಅದಕ್ಕೆ ಸ್ವಂತ ಮೆಮೊರಿ ಇಲ್ಲ, ಪಿಸಿಯ ರ‍್ಯಾಮ್‌ನಲ್ಲೇ ಪಾಲು ಕೇಳುತ್ತದೆ. ಅದಕ್ಕೇ ಇದರಲ್ಲಿ ರ‍್ಯಾಮ್ ಹೇಗೆ ಹಾಕುತ್ತೀರಿ ಅನ್ನುವುದೇ ದೊಡ್ಡ ವಿಷಯ, ಮತ್ತು ನಾನು ಎಡವಿದ್ದು ಅಲ್ಲೇ. ಅಂಗಡಿಯವರು 16 ಜಿಬಿಯ ಒಂದೇ ಕಡ್ಡಿ ಹಾಕಿದರು, "ಮುಂದೆ ಇನ್ನೊಂದು ಹಾಕಬಹುದು ಸಾರ್" ಅಂದರು, ನಾನೂ ಹೂಂ ಅಂದೆ. ಮನೆಗೆ ಬಂದು ಜಿಟಿಎ ಹಾಕಿದರೆ 40 ದಾಟಲಿಲ್ಲ. "ಮಾವ, ಇದು ತಡವರಿಸ್ತಿದೆ" ಅಂತ ಹುಡುಗ ಮುಖ ಸಣ್ಣದು ಮಾಡಿಕೊಂಡ. ಮುಂದಿನ ವಾರ ಮತ್ತೆ ರೈಲು ಹತ್ತಿ, ಆ ಕಡ್ಡಿ ಕೊಟ್ಟು, 8 ಜಿಬಿಯ ಎರಡು ಕಡ್ಡಿ ತಂದು ಹಾಕಿದೆ. ಬಯಾಸ್‌ಗೆ (ಪಿಸಿ ಆನ್ ಆಗುವಾಗ ತೆರೆಯುವ ಮೂಲ ಸೆಟ್ಟಿಂಗ್) ಹೋಗಿ ರ‍್ಯಾಮ್ ವೇಗ 3200ಕ್ಕೆ ಸೆಟ್ ಮಾಡಿದೆ, ಅದು ತಾನಾಗಿ ಆ ವೇಗಕ್ಕೆ ಹೋಗಿರಲಿಲ್ಲ. ಅದೇ ಗೇಮ್, ಅದೇ ಸೆಟ್ಟಿಂಗ್, 57-58 ಬಂತು! ಹೆಚ್ಚು ಕಡಿಮೆ ಅದೇ ದುಡ್ಡು, ಎರಡು ಸ್ಲಾಟ್ ತುಂಬಿದ್ದು, ವೇಗ ಸೆಟ್ ಮಾಡಿದ್ದು, ಅಷ್ಟೇ ವ್ಯತ್ಯಾಸ. ಬೇರೆ ಏನನ್ನು ಮರೆತರೂ ಇದನ್ನು ಮರೆಯಬೇಡಿ.

ಈಗ ಅದರಲ್ಲಿ ವ್ಯಾಲರಂಟ್ 120ರ ಹತ್ತಿರ ಓಡುತ್ತದೆ. ಸೈಬರ್‌ಪಂಕ್ ಮಾತ್ರ ಚಿತ್ರದ ಸ್ಪಷ್ಟತೆಯನ್ನು ಫುಲ್ ಎಚ್‌ಡಿಯಿಂದ 720ಪಿಗೆ ಇಳಿಸಿ, ಎಲ್ಲ ಲೋ ಮಾಡಿದರೂ 30 ಅಷ್ಟೇ. ಕಥೆ ಇರುವ ದೊಡ್ಡ ಗೇಮ್‌ಗಳೇ ಬೇಕು ಅನ್ನುವವರಿಗೆ ಇದು ಈಗಲೇ ಸಾಲದು, ಅದನ್ನು ನೇರವಾಗಿ ಹೇಳಿಬಿಡುತ್ತೇನೆ.

ಮೂರನೆಯದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ದುಡ್ಡು ಕೊಟ್ಟಿದ್ದೀರಿ, ಅದು ಕಾಣುತ್ತದೆ. 48 ಸಾವಿರದಲ್ಲಿ ಸುಮಾರು 20 ಸಾವಿರ ಕಾರ್ಡಿಗೇ ಹೋಯಿತು. ಸೈಬರ್‌ಪಂಕ್ ಫುಲ್ ಎಚ್‌ಡಿಯಲ್ಲಿ ಹೈ ಸೆಟ್ಟಿಂಗ್‌ಗೆ 60ರ ಸುತ್ತ ಬರುತ್ತದೆ, ಜಿಟಿಎ, ವ್ಯಾಲರಂಟ್ ಅಂತೂ ಸಲೀಸಾಗಿ ಓಡುತ್ತವೆ. ತೊಂದರೆ ಕಂಡದ್ದು ಬೇರೆ ಕಡೆ. ಗೇಮ್ ಆಡುತ್ತಾ ಡಿಸ್ಕಾರ್ಡ್ (ಗೆಳೆಯರ ಜೊತೆ ಮಾತಾಡುವ ಆಪ್), ಬ್ರೌಸರ್ ಎರಡೂ ತೆರೆದಿಟ್ಟರೆ ನಾಲ್ಕು ಕೋರ್ ಏದುಸಿರು ಬಿಡುತ್ತವೆ. ಅದೇ ಬೋರ್ಡಿಗೆ ಮುಂದೆ ಆರು ಕೋರಿನ ಐ5 12400ಎಫ್ ಹಾಕಬಹುದು ಅನ್ನುವುದು ಸಮಾಧಾನ.

ಒಂದು ವಾರ ನನ್ನ ಆರ್‌ಎಕ್ಸ್ 6600 ತೆಗೆದು ಅಕ್ಕನ ಮಗನ ಪಿಸಿಗೆ ಹಾಕಿದೆ. ಸೈಬರ್‌ಪಂಕ್‌ನಲ್ಲಿ ಎರಡಕ್ಕೂ ವ್ಯತ್ಯಾಸ ಎಷ್ಟು ಕಡಿಮೆ ಇತ್ತೆಂದರೆ, ಪರದೆ ಮೇಲೆ ನಂಬರ್ ಹಾಕಿಕೊಳ್ಳದಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ವ್ಯಾಲರಂಟ್‌ನಲ್ಲಿ ಐ3 ಮುಂದಿತ್ತು, ಆದರೆ ಎರಡೂ ನನ್ನ ಮಾನಿಟರ್ ತೋರಿಸಬಲ್ಲದ್ದಕ್ಕಿಂತ ಮೇಲೇ ಇದ್ದವು. ಆ ವಾರ ನನ್ನ ಪಿಸಿ ಮಾತ್ರ ಸುಮ್ನೆ ಕೂತಿತ್ತು. 12100ಎಫ್‌ನಲ್ಲಿ ಆ "ಎಫ್" ಅಂದರೆ ಒಳಗೆ ಗ್ರಾಫಿಕ್ಸ್ ಇಲ್ಲ ಅಂತ, ಕಾರ್ಡ್ ತೆಗೆದರೆ ಪರದೆಯೇ ಬರುವುದಿಲ್ಲ. ನಾಳೆ ಕಾರ್ಡ್ ಕೆಟ್ಟು ವಾರಂಟಿಗೆ ಹೋದರೂ ಅಷ್ಟೇ. 5600ಜಿ ಇದ್ದರೆ ಅಷ್ಟು ದಿನ ಓದು, ಕೆಲಸ, ಸಣ್ಣ ಗೇಮ್ ನಡೆಯುತ್ತಿರುತ್ತದೆ. ಮನೆಗೆಲ್ಲ ಒಂದೇ ಪಿಸಿ ಇರುವ ಕಡೆ ಇದು ಸಣ್ಣ ಮಾತಲ್ಲ, ಅಲ್ವಾ?

5600ಜಿಗೆ ಆಮೇಲೆ ಕಾರ್ಡ್ ಹಾಕುವವರಿಗೆ ಒಂದು ಎಚ್ಚರಿಕೆ. ಕಾರ್ಡಿಗೂ ಪ್ರೊಸೆಸರ್‌ಗೂ ನಡುವಿನ ದಾರಿಗೆ ಪಿಸಿಐಇ ಅನ್ನುತ್ತಾರೆ, ಅದು ಲೇನ್‌ಗಳಾಗಿ ಹಂಚಿರುತ್ತದೆ; ಈ ಪ್ರೊಸೆಸರ್ ಅದರ ಹಳೇ 3.0 ಆವೃತ್ತಿಯಲ್ಲೇ ನಿಲ್ಲುತ್ತದೆ. ಆರ್‌ಎಕ್ಸ್ 6600 ಎಂಟು ಲೇನ್ ಬಳಸುವುದರಿಂದ ನನಗೆ ನಷ್ಟ ಕಾಣಲಿಲ್ಲ. ಆರ್‌ಎಕ್ಸ್ 6500 ಎಕ್ಸ್‌ಟಿ ಬಳಸುವುದು ನಾಲ್ಕೇ ಲೇನ್, ಮೆಮೊರಿಯೂ 4 ಜಿಬಿ, ಅದನ್ನು ಇದಕ್ಕೆ ಹಾಕಬೇಡಿ.

ಆರಿಸು ಅಂದರೆ, ನಾನು 2024ರಲ್ಲಿ ಕೊಟ್ಟ ಬೆಲೆಗಳ ಲೆಕ್ಕದಲ್ಲಿ ಹೇಳುವುದು ಹೀಗೆ. 48 ಸಾವಿರ ಕೈಯಲ್ಲೇ ಇದೆ, ದೊಡ್ಡ ಗೇಮ್ ಈಗಲೇ ಬೇಕು ಅಂದರೆ ಮೂರನೆಯದು. 30 ಸಾವಿರ ಇದ್ದು ಮುಂದಿನ ವರ್ಷ ಇನ್ನಷ್ಟು ಕೂಡಿಡುತ್ತೇನೆ ಅನ್ನುವವರಿಗೆ ಕಣ್ಣು ಮುಚ್ಚಿಕೊಂಡು 5600ಜಿ. ಮೊದಲ ಸಲ ಕೊಳ್ಳುವವರಲ್ಲಿ ಹೆಚ್ಚಿನವರು ಈ ಸಾಲಿನವರೇ. ಆಫೀಸ್ ಡಬ್ಬಿ 23 ಸಾವಿರಕ್ಕಿಂತ ಒಂದು ರೂಪಾಯಿ ಮೇಲೆ ಹೋಗಲಾರೆ ಅನ್ನುವವರಿಗೆ ಮಾತ್ರ, ಅದೂ ಟವರ್ ಆದರೆ.

ಆದರೆ 5600ಜಿ ಕೊಳ್ಳುವಾಗ ಪವರ್ ಸಪ್ಲೈನಲ್ಲಿ ಉಳಿಸಲು ಹೋಗಬೇಡಿ. ಕ್ಯಾಬಿನೆಟ್ ಜೊತೆ ಸಾವಿರ ರೂಪಾಯಿಗೆ "450 ವ್ಯಾಟ್" ಅಂತ ಬರೆದ ಒಂದನ್ನು ತೋರಿಸುತ್ತಾರೆ. ಈಗ ಕಾರ್ಡ್ ಇಲ್ಲವಲ್ಲ, ಸಾಕು ಅನ್ನಿಸುತ್ತದೆ. ನಾನು 4 ಸಾವಿರ ಕೊಟ್ಟು 80 ಪ್ಲಸ್ ಬ್ರಾಂಜ್ (ಕರೆಂಟ್ ಪೋಲಾಗುವುದು ಕಡಿಮೆ ಅನ್ನುವ ಗುರುತು) ಇರುವ 550 ವ್ಯಾಟ್‌ನದು ಹಾಕಿಸಿದೆ. ಆರ್‌ಎಕ್ಸ್ 6600 ಎಳೆಯುವುದು 132 ವ್ಯಾಟ್, ಆರಾಮಾಗಿ ಸಾಲುತ್ತದೆ, 750ರದು ಬೇಕಿಲ್ಲ. ಅಕ್ಕನ ಮಗ ದೀಪಾವಳಿಗೆ ಕಾರ್ಡ್ ತರಲು ತಿಂಗಳು ತಿಂಗಳು ದುಡ್ಡು ಎತ್ತಿಡುತ್ತಿದ್ದಾನೆ. ಅದಕ್ಕೆ ಬೇಕಾದ 8 ಪಿನ್ ಕೇಬಲ್ ಮೊದಲ ದಿನದಿಂದಲೂ ಅವನ ಕ್ಯಾಬಿನೆಟ್ ಒಳಗೆ ಮಡಚಿಕೊಂಡು ಕೂತಿದೆ.